ಚಿನ್ನುವಿನ ಸೀಟು

ಜಕ್ಕೂರು ಕೆರೆ ಏರಿ ಮೇಲೆ ಬೆಳಗಿನ ವಾಕಿಂಗು. ನಡಿಗೆಗಿಂತ ಮಾತೇ ಜಾಸ್ತಿ.

"ಮಗಳ ಬಾಣಂತನ ಕಣ್ರೀ, ಆರು ತಿಂಗಳು ಅಮೆರಿಕ. ಚಿನ್ನುನ ನಾಯಿ ಹಾಸ್ಟೆಲಿಗೆ ಸೇರಿಸ್ತಿದ್ದೀವಿ."

"ಸೀಟು ಸಿಕ್ತಾ?"

"ಸುಲಭಾನಾ? ರೇಬೀಸ್ ಲಸಿಕೆ ಕಾರ್ಡು, ಪಾಲಿಕೆ ಲೈಸೆನ್ಸು, ಮೇಲೆ ಒಂದು ದಿನದ ಟ್ರಯಲ್ಲು. ಬೇರೆ ನಾಯಿ ಕಂಡು ಗುರ್ ಅಂದ್ರೆ ಫೇಲು."

"ಅಂತೂ ಪಾಸಾಯ್ತು?"

"ಚಿನ್ನು ಪಾಸು. ಫೀಸು ಕೇಳಿ ನಮ್ಮೆಜಮಾನ್ರೇ ಗುರ್ ಅಂದ್ರು."

"ಮನೇಲೇ ಯಾರನ್ನಾದ್ರೂ ಇರಿಸಬಹುದಿತ್ತಲ್ಲ?"

"ಯಾರಿರ್ತಾರೆ? ಏರೋಡ್ರೋಮಿಂದ ವಿಮಾನ ಎದ್ದಾಗೆಲ್ಲ ಬೊಗಳುತ್ತೆ. 1948ರ ಏರೋಡ್ರೋಮಿಗೆ ಇದೊಂದೇ ವಿರೋಧ ಪಕ್ಷ."

"ನಿಮ್ಮತ್ತೆ?"

"ಮೈದುನನ ಮನೆಗೆ. ಅಲ್ಲಿ ಟ್ರಯಲ್ಲು ಇಲ್ಲ, ಲಸಿಕೆ ಕಾರ್ಡೂ ಕೇಳ್ಲಿಲ್ಲ. ಆದ್ರೆ ಸೀಟು ಮಾತ್ರ ಮೂರೇ ತಿಂಗಳಿಗಂತೆ!"