ಡಿಕ್ಕಿಯಲ್ಲೊಂದು ಗುದ್ದಲಿ

ನಮ್ಮ ಶಾಸಕರ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಗುದ್ದಲಿ ಇರುತ್ತದೆ. ಕಾವಿಗೆ ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಮರದ ಬಣ್ಣವೇ ಮರೆತುಹೋಗಿದೆ. ಅಲಗು ಮಾತ್ರ ಹೊಸದರಂತೆ ಹೊಳೆಯುತ್ತದೆ. ಯಾವ ಜಾಗದಲ್ಲೂ ಮೂರನೆಯ ಏಟು ಕಂಡದ್ದಲ್ಲ ಅದು.

ಗೆದ್ದ ಹೊಸದರಲ್ಲಿ ಯಾರು ರಸ್ತೆ ಕೇಳಿದರೂ "ಅನುದಾನ ಎಲ್ಲಿದೆಯಪ್ಪಾ?" ಎನ್ನುತ್ತಿದ್ದರು. ಆಮೇಲೆ ಎಸ್ಟಿಮೇಟ್, ಟೆಂಡರ್ ಅಂತ ಕಾಲ ಸರಿಯಿತು. ಐದನೆಯ ವರ್ಷದ ಸಂಕ್ರಾಂತಿ ಕಳೆದದ್ದೇ ದಿನಕ್ಕೆ ಆರು ಪೂಜೆ. ಪುರೋಹಿತರು ರಾಹುಕಾಲ ನೋಡುವುದನ್ನೂ ಬಿಟ್ಟರು. ನೀತಿ ಸಂಹಿತೆ ಬರುವುದರೊಳಗಿನ ಗಳಿಗೆಯೆಲ್ಲ ಶುಭವೇ.

ಹೊಸದಾಗಿ ಬಂದ ಎಂಜಿನಿಯರ್ ಒಮ್ಮೆ ಬಾಯಿಬಿಟ್ಟ. "ಸಾರ್, ಪೇಟೆ ಬೀದಿ ಒಳಚರಂಡಿ ಪೈಪು ಪೂರ್ತಿ ಹೋಗಿದೆ. ಬದಲಾಯಿಸಬೇಕು. ಎಂಟು ತಿಂಗಳು ರಸ್ತೆ ಅಗೀಬೇಕಾಗುತ್ತೆ."

"ಅಗೆದು ಮುಚ್ಚಿದ ಮೇಲೆ ಏನು ಕಾಣುತ್ತೆ?"

"ಏನೂ ಕಾಣಲ್ಲ ಸಾರ್."

"ನನ್ನ ಹೆಸರು ಎಲ್ಲಿ ಹಾಕ್ತೀರಿ? ಮ್ಯಾನ್‌ಹೋಲ್ ಮುಚ್ಚಳದ ಮೇಲಾ? ಹೈಮಾಸ್ಟ್ ಲೈಟ್ ಅಂತ ಬರೀರಿ. ಮೂರೂರಿಗೆ ಕಾಣುತ್ತೆ."

ಇವರನ್ನು ದಡ್ಡರೆನ್ನಬೇಡಿ. ಹಿಂದಿದ್ದ ಶಾಸಕರು ಪಕ್ಕದ ಬೀದಿಗೆ ನಿಜಕ್ಕೂ ಪೈಪು ಹಾಕಿಸಿದ್ದರು. ವರ್ಷವಿಡೀ ಧೂಳು ಕುಡಿದ ಜನ ಅವರನ್ನು ಮನೆಗೆ ಕಳಿಸಿದರು. ಮೇಲೆ ಡಾಂಬರು ಹಾಕಿಸಿ ಕಲ್ಲು ನೆಟ್ಟು ಹಾರ ಹಾಕಿಸಿಕೊಂಡವರು ಇವರು. ಪಾಠವನ್ನು ನಾವೇ ಹೇಳಿಕೊಟ್ಟೆವು, ಇವರು ಶ್ರದ್ಧೆಯಿಂದ ಕಲಿತರು.

ಯಾರಾದರೂ ಕೆಣಕಿದರೆ ಇತಿಹಾಸ ಬಿಚ್ಚುತ್ತಾರೆ. ಎರಡೂ ಪಕ್ಷದಲ್ಲಿ ಇದ್ದು ಬಂದವರಾದ್ದರಿಂದ ಪಕ್ಷಪಾತವಿಲ್ಲ. "2014ರ ಮಾರ್ಚ್‌ನಲ್ಲಿ ಎತ್ತಿನಹೊಳೆ ನೀರಿನ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಕಲ್ಲು ಹಾಕಿದ್ರು, ಬೆನ್ನಿಗೇ ಲೋಕಸಭೆ ಚುನಾವಣೆ. 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡ್‌ನಿಂದ ಕೆ.ಆರ್.ಪುರದವರೆಗೆ ಮೆಟ್ರೊ ಬಿಟ್ರು. ಅಲ್ಲಿಂದ ಬೈಯಪ್ಪನಹಳ್ಳಿಗೆ ಹಳಿ ಇನ್ನೂ ಸೇರಿರ್ಲಿಲ್ಲ, ಜನ ಇಳಿದು ಬಸ್ ಹತ್ತಿದ್ರು. 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ ಆಯ್ತು. ಬಿಟ್ಟುಹೋಗಿದ್ದ ಆ ಹಳಿ ತುಂಡು ಶುರುವಾಗಿದ್ದು ಅಕ್ಟೋಬರ್‌ನಲ್ಲಿ. ಅಂಥ ದೊಡ್ಡೋರೇ ಕಾಯಲಿಲ್ಲ, ಈ ಬಡಪಾಯಿ ಯಾಕೆ ಕಾಯಲಿ?"

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಬಸ್ ತಂಗುದಾಣಗಳು, ಜಾತಿಗೊಂದು ಸಮುದಾಯ ಭವನ, ಊರಬಾಗಿಲಿಗೆ ಕಮಾನು. ಹಳೆಯ ಭವನದ ಸೋರುವ ಸೂರಿಗೆ ಕಾಸಿಲ್ಲ. ರಿಪೇರಿಗೆ ಟೇಪು ಕತ್ತರಿಸುವ ಪದ್ಧತಿ ಇನ್ನೂ ಬಂದಿಲ್ಲವಲ್ಲ.

ಮೊನ್ನೆಯ ಮಳೆಗೆ ಪೇಟೆ ಬೀದಿಯ ಚರಂಡಿ ಉಕ್ಕಿ ಮೊಣಕಾಲುದ್ದ ಹರಿಯಿತು. ಹೈಮಾಸ್ಟ್ ಬೆಳಕಿನಲ್ಲಿ ಸೀರೆ ಎತ್ತಿ ಹಿಡಿದು ದಾಟಿ ಬಂದ ಹೂವಿನ ಅಂಗಡಿಯ ಅಜ್ಜಿ ನಿಟ್ಟುಸಿರು ಬಿಟ್ಟಳು: "ಪುಣ್ಯಾತ್ಮ ಲೈಟ್ ಹಾಕ್ಸಿದ್ದಕ್ಕೆ ಗುಂಡಿ ಎಲ್ಲಿದೆ ಅಂತ ಕಾಣ್ತು ಕಣಪ್ಪಾ. ಈ ಸಲಾನೂ ಅವನಿಗೇ ಒತ್ತೋದು."