ಜಿಂಕೆಗೆ ಬಿಟ್ಟ ಬಾಣ

ದಸರೆಯ ಹೊತ್ತಿಗೆ ಕಾರಟಗಿಯ ಸುತ್ತ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತ ಹಸಿರಾಗಿ ನಿಂತಿರುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಬಿತ್ತನೆಯ ಗಡಿಬಿಡಿ. ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಜನ ಎಲೆಬಣ್ಣದ ಅಂಗಿ ತೊಟ್ಟು, ಮೈವಾಸನೆ ಅಳಿಸುವ ಸಾಬೂನು ಹಚ್ಚಿ ಮಿಂದು, ನಸುಕಿನಲ್ಲೇ ಮರ ಏರಿ ಕೂಡುತ್ತಾರೆ. ಕೈಯಲ್ಲಿ ಬಿಲ್ಲು, ಕಿಸೆಯಲ್ಲಿ ಲೈಸೆನ್ಸು. ಬಿಳಿಬಾಲದ ಜಿಂಕೆಗೆ ಅದು ಪ್ರಣಯಕಾಲವಾದ್ದರಿಂದ ಅದರ ಲಕ್ಷ್ಯ ಬೇರೆಲ್ಲೋ ಇರುತ್ತದೆಂಬುದು ಇವರ ಲೆಕ್ಕ. ಇಂಥ ಬೇಟೆಗೆ ತಕರಾರು ತೆಗೆಯುವವರು ಸಾಮಾನ್ಯವಾಗಿ ಜಿಂಕೆಯ ಪರ ವಕಾಲತ್ತು ವಹಿಸುತ್ತಾರೆ. ನನ್ನ ವಕಾಲತ್ತು ಬೇಟೆಗಾರನ ಪರ. ಜಿಂಕೆಗೆಂದು ಬಿಟ್ಟ ಬಾಣ ಜಿಂಕೆಯೊಂದನ್ನು ಬಿಟ್ಟು ಉಳಿದವರಿಗೆಲ್ಲ ತಾಗುತ್ತದೆ, ಅದರಲ್ಲೂ ಬಿಟ್ಟವನಿಗೆ ತಪ್ಪದೆ ತಾಗುತ್ತದೆ. ಆದ್ದರಿಂದ ಬಿಲ್ವಿದ್ಯೆಯ ತುದಿ ಇರುವುದು ಬಾಣ ಬಿಡುವುದರಲ್ಲಿ ಅಲ್ಲ, ಬಿಡದೆ ಕೂಡುವುದರಲ್ಲಿ. ಇದು ನನ್ನ ವಾದ.

ಸಾಕ್ಷಿಗಳನ್ನು ಕರೆಯೋಣ. ಪಾಂಡುರಾಜ ಜೋಡಿ ಜಿಂಕೆಗೆ ಬಾಣ ಹೂಡಿದ; ತಾಗಿದ್ದು ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಗೆ, ಶಾಪ ಬಂದದ್ದು ಪಾಂಡುವಿಗೆ. ಶ್ರೀರಾಮ ಬಂಗಾರದ ಜಿಂಕೆಯ ಬೆನ್ನು ಹತ್ತಿದ. ಬಾಣ ತಾಗಿದ್ದು ಮಾರೀಚನಿಗೆ, ಕಳೆದದ್ದು ಸೀತೆ. ಪರೀಕ್ಷಿತ ಹೊಡೆದ ಜಿಂಕೆ ಬಾಣ ಹೊತ್ತುಕೊಂಡೇ ಮಾಯವಾಯಿತು. ‘ಈ ಕಡೆ ಬಂತೇ?’ ಎಂದು ಕೇಳಿದ್ದು ಮೌನವ್ರತದಲ್ಲಿದ್ದ ಶಮೀಕನನ್ನು. ಉತ್ತರ ಬರಲಿಲ್ಲ, ಸಿಟ್ಟಿನಿಂದ ಋಷಿಯ ಕೊರಳಿಗೆ ಸತ್ತ ಹಾವು ಹಾಕಿದ, ಏಳು ದಿನದಲ್ಲಿ ತಕ್ಷಕ ಬಂದು ಲೆಕ್ಕ ಚುಕ್ತಾ ಮಾಡಿದ. ಜರನೆಂಬ ಬೇಡ ಪೊದೆಯಲ್ಲಿ ಕಂಡದ್ದನ್ನು ಜಿಂಕೆಯೆಂದುಕೊಂಡ; ಅದು ಶ್ರೀಕೃಷ್ಣನ ಪಾದ. ದಶರಥ ಹೊಡೆಯಹೋದದ್ದು ಆನೆಯನ್ನಾದರೂ ತಪ್ಪು ಅದೇ ಜಾತಿಯದು: ಕೊಡ ಮುಳುಗಿದ ಸದ್ದಿಗೆ ಗುರಿಯಿಟ್ಟ. ಇಷ್ಟು ಜನರಲ್ಲಿ ಲಾಭ ಮಾಡಿಕೊಂಡವನು ದುಷ್ಯಂತ ಒಬ್ಬನೇ. ‘ಇದು ಆಶ್ರಮದ ಜಿಂಕೆ, ಹೊಡೆಯಬೇಡ’ ಎಂದು ತಪಸ್ವಿಗಳು ಹೇಳಿದ ತಕ್ಷಣ ಹೂಡಿದ ಬಾಣ ಇಳಿಸಿದ, ಶಕುಂತಲೆ ಸಿಕ್ಕಳು. ಆಮೇಲೆ ಅವಳನ್ನು ಮರೆತದ್ದಕ್ಕೆ ಬಿಲ್ಲು ಹೊಣೆಯಲ್ಲ, ಉಂಗುರ ಹೊಣೆ.

‘ಇವೆಲ್ಲ ಪುರಾಣ. ನಮ್ಮ ಹಿರಿಯರು ಬೇಟೆಯಾಡಿಯೇ ಬದುಕಿದವರಲ್ಲವೇ? ಗಂಗಾವತಿ ಪಕ್ಕದ ಹಿರೇಬೆಣಕಲ್ಲಿಗೆ ಹೋಗಿ ನೋಡಿ’ ಎನ್ನುವವರಿದ್ದಾರೆ. ಒಪ್ಪಿದೆ. ನೂರಾರು ಕಲ್ಲುಗೋರಿಗಳಿರುವ ಆ ಮೋರೇರ ಗುಡ್ಡ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಅಲ್ಲಿನ ಬಂಡೆಗಳ ಮೇಲೆ ಕೆಂಪು ಕಾವಿಯಲ್ಲಿ ಜಿಂಕೆಗಳೂ ಇವೆ, ಆಯುಧ ಹಿಡಿದ ಮನುಷ್ಯರೂ ಇದ್ದಾರೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲೂ ಬೇಟೆಯ ಸಾಲುಗಳಿವೆ. ಆದರೆ ಒಂದು ಮಾತು. ಹೊಡೆದ ಜಿಂಕೆಯನ್ನು ತಿಂದು ಮುಗಿಸಿದವನು ಕೈ ತೊಳೆದು ಮಲಗುತ್ತಾನೆ. ಕಾವಿ ಅರೆದು ಬಂಡೆ ಹತ್ತುವವನು ಇನ್ನೂ ಆಸೆ ತೀರದವನೇ ಇರಬೇಕು ಎಂಬುದು ನನ್ನ ಗುಮಾನಿ. ವಿಜಯನಗರದ ಶಿಲ್ಪಿಯ ಕೈಯಲ್ಲಿದ್ದದ್ದಂತೂ ಉಳಿ. ಬೇಟೆಗಾರನೆಂದರೆ ಬೇಡರ ಕಣ್ಣಪ್ಪ ಎನ್ನುತ್ತೀರಾ? ರಾಜಕುಮಾರರು ನಾಯಕರಾಗಿ ಬಂದದ್ದೇ 1954ರ ಆ ಚಿತ್ರದಿಂದ. ಆದರೆ ಕಣ್ಣಪ್ಪನನ್ನು ಲೋಕ ನೆನೆಯುವುದು ಅವನು ಕೆಡವಿದ ಪ್ರಾಣಿಗಳಿಗಾಗಿ ಅಲ್ಲ, ಅದೇ ಬಾಣದಿಂದ ತನ್ನ ಕಣ್ಣು ಕಿತ್ತು ಶಿವನಿಗಿಟ್ಟದ್ದಕ್ಕಾಗಿ. ಅಲ್ಲಿಯೂ ಬಾಣ ತಾಗಿದ್ದು ಬಿಲ್ಲುಗಾರನಿಗೇ.

ಗಟ್ಟಿಯಾದ ಆಕ್ಷೇಪ ಅಮೆರಿಕದಿಂದಲೇ ಬರುತ್ತದೆ: ಅಲ್ಲಿಯ ಬಾಣ ನಿಜವಾಗಿಯೂ ಜಿಂಕೆಗೆ ತಾಗುತ್ತದೆ. ತಾಗುತ್ತದೆ, ಸುಳ್ಳೇಕೆ? ಆದರೆ ಹೇಗೆ ತಾಗುತ್ತದೆ ಎಂಬುದೇ ನನ್ನ ಪಕ್ಷದ ಸಾಕ್ಷಿ. ವಿಸ್ಕಾನ್ಸಿನ್ ರಾಜ್ಯ 1934ರಲ್ಲಿ ಬಿಲ್ಲುಗಾರರಿಗೆಂದೇ ಬೇರೆ ಬೇಟೆಕಾಲ ತೆರೆಯಿತು. ಈಗ ಬಹಳ ರಾಜ್ಯಗಳಲ್ಲಿ ಬಂದೂಕಿನ ಕಾಲಕ್ಕಿಂತ ಬಿಲ್ಲಿನ ಕಾಲವೇ ಉದ್ದ. ಬಿಲ್ಲಿಗೆ ಜಿಂಕೆ ಬೀಳುವುದು ಕಷ್ಟವೆಂದು ಸರ್ಕಾರಕ್ಕೂ ಗೊತ್ತು. ಇಪ್ಪತ್ತು-ಮೂವತ್ತು ಗಜದೊಳಗೆ ಬರಬೇಕು, ಮೈ ಅಡ್ಡಲಾಗಿ ತಿರುಗಿರಬೇಕು, ಗಾಳಿ ಇತ್ತಲಿಂದ ಬೀಸಬಾರದು. ಇಲ್ಲವಾದರೆ ಕೈ ಬಿಗಿಹಿಡಿ ಎಂಬುದು ಅಲ್ಲಿಯ ಶಿಸ್ತು. ಗುರುತು ಹತ್ತದ್ದಕ್ಕೆ ಗುರಿ ಇಡಬೇಡ ಎಂಬುದು ಅವರ ತರಬೇತಿಯ ಮೊದಲ ಪಾಠಗಳಲ್ಲೊಂದು. ದಶರಥನೂ ಜರನೂ ಆ ಪರೀಕ್ಷೆಯಲ್ಲಿ ನಪಾಸು. ಬಿಲ್ಲಿನ ದೊಡ್ಡ ಸುಧಾರಣೆಯನ್ನೇ ನೋಡಿ. ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಗಾಲಿಬಿಲ್ಲಿನಲ್ಲಿ ಹೆದೆಯನ್ನು ಪೂರ್ತಿ ಎಳೆದ ಮೇಲೆ ಕೈಮೇಲಿನ ಭಾರ ಇಳಿಯುತ್ತದೆ. ಅದರಿಂದಾಗುವ ಅನುಕೂಲವೇನು? ಎಳೆದ ಬಾಣವನ್ನು ಬಿಡದೆ ಇನ್ನಷ್ಟು ಹೊತ್ತು ಹಿಡಿದುಕೊಂಡಿರಬಹುದು! ಇಷ್ಟಾಗಿ ದಿನವಿಡೀ ಮರದ ಮೇಲೆ ಚಳಿಯಲ್ಲಿ ಕೂತು ಬರಿಗೈಯಲ್ಲಿ ಮನೆಗೆ ಬಂದವನಿಗೆ ಇನ್ನೊಂದು ಅವಮಾನ ಕಾದಿರುತ್ತದೆ: ಆ ದೇಶದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜಿಂಕೆಗಳಿಗೆ ವಾಹನ ಗುದ್ದುತ್ತದೆಂದು ಇನ್ಶೂರೆನ್ಸಿನವರ ಅಂದಾಜು. ಯಾವ ತರಬೇತಿಯೂ ಇಲ್ಲದ ಕಾರಿಗೆ ಇಂಥ ಗುರಿ.

ಇನ್ನು ನಮ್ಮ ರೈತರ ಆಕ್ಷೇಪ. ಇದರ ಮುಂದೆ ನಗುವುದು ಕಷ್ಟ. ಎರೆಹೊಲದಲ್ಲಿ ಕಡಲೆ ಮೊಳಕೆ ಒಡೆಯುವುದೇ ತಡ, ಚಿಗರಿ ಹಿಂಡು ಬಂದು ಪಂಕ್ತಿ ಹಾಕಿ ಊಟಕ್ಕೆ ಕೂಡುತ್ತದೆ. ಕೃಷ್ಣಮೃಗವೆಂದು ಪುಸ್ತಕ ಕರೆಯುವುದು ಇದನ್ನೇ. ಗಂಟೆಗೆ ಸುಮಾರು 80 ಕಿಲೋಮೀಟರ್ ಓಡಬಲ್ಲ ಪ್ರಾಣಿ; ಹುಬ್ಬಳ್ಳಿ-ಧಾರವಾಡದವರು ವೇಗದ ಬಸ್ಸಿಗೆ ಇದರ ಹೆಸರು ಇಟ್ಟದ್ದು ಸುಮ್ಮನಲ್ಲ. ‘ಶಾಪದ ಕಥೆ ಕೇಳಿದರ ಹೊಟ್ಟಿ ತುಂಬತದೇನ್ರೀ?’ ಎಂದು ರೈತ ಕೇಳಿದರೆ ತಪ್ಪಿಲ್ಲ. ಆದರೆ ಶಾಪ ಕೊಡುವ ಕೆಲಸವನ್ನು ಋಷಿಗಳ ಕೈಯಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವಹಿಸಿಕೊಂಡಿದೆ. ಚಿಗರಿ ಅದರ ಒಂದನೆಯ ಅನುಸೂಚಿಯಲ್ಲಿದೆ. ಹೊಡೆದವನಿಗೆ ಮೂರರಿಂದ ಏಳು ವರ್ಷ ಸೆರೆ. 1998ರಲ್ಲಿ ಜೋಧಪುರದ ಬಳಿ ಚಿಗರಿ ಹೊಡೆದ ಪ್ರಕರಣದಲ್ಲಿ ದೊಡ್ಡ ಚಿತ್ರನಟರೊಬ್ಬರಿಗೆ ಐದು ವರ್ಷದ ಶಿಕ್ಷೆ ಪ್ರಕಟವಾದದ್ದು 2018ರಲ್ಲಿ, ಅದಾದ ಮೇಲೆ ಮೇಲ್ಮನವಿ. ಪರೀಕ್ಷಿತನಿಗೆ ಏಳೇ ದಿನ ಸಾಕಾಗಿತ್ತು. ವಿಚಿತ್ರವೆಂದರೆ ಈ ಚಿಗರಿಯೂ ಅಮೆರಿಕಕ್ಕೆ ಹೋಗಿದೆ. 1932ರಲ್ಲಿ ಟೆಕ್ಸಾಸಿನ ಎಡ್ವರ್ಡ್ಸ್ ಪ್ರಸ್ಥಭೂಮಿಗೆ ಒಯ್ದು ಬಿಟ್ಟರು. ಸಂತಾನ ಸಾವಿರಗಟ್ಟಲೆ ಬೆಳೆಯಿತು. ಈಗ ಅಲ್ಲಿ ದುಡ್ಡು ಕಟ್ಟಿ ಅದನ್ನು ಬಿಲ್ಲಿನಿಂದ ಹೊಡೆಯುತ್ತಾರೆ. ಇಲ್ಲೇ ಉಳಿದದ್ದಕ್ಕೆ ಕಾಯ್ದೆಯ ಕಾವಲು, ವಿದೇಶಕ್ಕೆ ಹೋದದ್ದಕ್ಕೆ ಬಾಣ: ಮಕ್ಕಳ ವೀಸಾಕ್ಕೆ ಓಡಾಡುವ ತಂದೆತಾಯಿ ಇದನ್ನೊಮ್ಮೆ ಯೋಚಿಸಬಹುದು.

ಹಾಗಾದರೆ ರೈತನ ಗತಿ? ಬಿಡದ ಬಾಣಕ್ಕೂ ಬೆಲೆ ಕಟ್ಟಬೇಕೆಂಬುದೇ ನನ್ನ ವಾದದಿಂದ ನೇರವಾಗಿ ಹುಟ್ಟುವ ತೀರ್ಮಾನ. ಅಲ್ಲಿ ಬಾಣ ಬಿಡುವವನು ಸರ್ಕಾರಕ್ಕೆ ಫೀ ಕಟ್ಟುತ್ತಾನೆ, ಆ ಹಣ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇಲ್ಲಿ ಹೊಲದ ಸುತ್ತ ಹಳೆ ಸೀರೆ ಕಟ್ಟಿ, ಅಟ್ಟಣಿಗೆಯ ಮೇಲೆ ರಾತ್ರಿಯಿಡೀ ಡಬ್ಬಿ ಬಾರಿಸುತ್ತ ಕೂಡುವವನು ಬಾಣ ಬಿಡದೆಯೇ ಚಿಗರಿಯನ್ನು ಸಾಕುತ್ತಿದ್ದಾನೆ; ಫೀ ಅವನಿಗೆ ಸಲ್ಲಬೇಕು, ಅದೂ ಚಿಗರಿಯಷ್ಟಲ್ಲದಿದ್ದರೂ ಬಸ್ಸಿನಷ್ಟಾದರೂ ವೇಗವಾಗಿ. ಮರ ಏರಿ ಕೂಡುವುದರಲ್ಲಿ ಇಬ್ಬರೂ ಸಮ. ಒಬ್ಬನು ಬರಲೆಂದು ಕೂಡುತ್ತಾನೆ, ಇನ್ನೊಬ್ಬನು ಬಾರದಿರಲೆಂದು.

ಮರಕ್ಕೂ ಬಿಲ್ಲಿಗೂ ನಮ್ಮಲ್ಲಿ ಹಳೆಯ ಸಂಬಂಧವೇ ಇದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಗಾಂಡೀವವನ್ನೂ ಬಿಡದೆ ಬನ್ನಿ ಮರಕ್ಕೇರಿಸಿದರು. ಅಮೆರಿಕದಲ್ಲಿ ಜನ ಬಿಲ್ಲು ಹಿಡಿದು ಮರ ಏರುವ ಕಾಲಕ್ಕೇ ನಮ್ಮವರು ಅದೇ ಬನ್ನಿಯ ಬುಡಕ್ಕೆ ಹೋಗುತ್ತಾರೆ. ಬಿಲ್ಲನ್ನು ಮೇಲೆಯೇ ಬಿಟ್ಟು ನಾಲ್ಕು ಎಲೆ ಹರಿದು ತಂದು, ‘ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ’ ಎಂದು ಹಂಚುತ್ತಾರೆ. ಬಂಗಾರದ ಜಿಂಕೆಯ ಹಿಂದೆ ಹೋಗಿ ಶ್ರೀರಾಮನಿಗೂ ಸಿಗದ ಬಂಗಾರ ಕಾರಟಗಿಯ ಮನೆಮನೆಗೆ ಬಾಣ ಹೂಡದೆ ಬರುತ್ತದೆ.