ಗುಲಾಬಿ ಬಣ್ಣದ ಕ್ಯಾಮೆರಾ

ಹೊಳಲ್ಕೆರೆಯ ತಂಗಿ ಮಗಳ ಮದುವೆಗೆ ಏನು ಕೊಡುವುದು? ಕುಕ್ಕರ್ ಆಗಲೇ ಐದು ಬಂದಿದ್ದವಂತೆ. ಪುಟ್ಟ ಡಿಜಿಟಲ್ ಕ್ಯಾಮೆರಾ ಕೊಡೋಣವೆಂದು ಚಿತ್ರದುರ್ಗದ ಅಂಗಡಿಗೆ ಹೋದೆವು. ನಾನು ಆಪ್ಟಿಕಲ್ ಜೂಮ್ ಎಷ್ಟೆಂದು ಕೇಳಿದೆ. ನನ್ನವಳು ಗುಲಾಬಿ ಬಣ್ಣದ್ದಿದೆಯಾ ಎಂದಳು. ಡಿಜಿಟಲ್ ಜೂಮ್ ಅಂದರೆ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು, ದೂರದಿಂದ ಓಬವ್ವನ ಕಿಂಡಿ ಹಿಡಿದರೆ ಬರೀ ಮಸುಕು ಎಂದು ವಿವರಿಸಿದೆ.

"ರೀ, ಕಿಂಡಿ ಹತ್ರಕ್ಕೇ ನಡ್ಕೊಂಡು ಹೋಗ್ತಾಳೆ ಬಿಡಿ!"

ಗುಲಾಬಿ ಗೆದ್ದಿತು.

1933ರ ನಂತರ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, ಹುಡುಗಿ ಆ ಕ್ಯಾಮೆರಾವನ್ನೇ ಹಿಡಿದು ಓಡಿದಳು. 89 ವರ್ಷ ಕಾಯಿಸಿದ ನೀರು ಧುಮ್ಮಿಕ್ಕುತ್ತಿದೆ, ಕ್ಯಾಮೆರಾದಲ್ಲಿ ಬ್ಯಾಟರಿ ಖಾಲಿ! ಫೋಟೊ ಈಗಲೂ ಹೊಸದುರ್ಗದ ಅಳಿಯಂದಿರ ಮೊಬೈಲಿನಲ್ಲಿದೆ. ನೀವು ಕೊಡುವುದಾದರೆ ಇನ್ನೊಂದು ಬ್ಯಾಟರಿಯನ್ನೂ ಸೇರಿಸಿ ಕೊಡಿ.